ರೈಲು ಬಿಡುವ ಅಪ್ಪ, ವರದಿಗಾರ ಮಗ

ಯಾರಾದರೂ ಒಂದಕ್ಕೆ ಹತ್ತು ಸೇರಿಸಿ ಹೇಳಿದರೆ ನಾವು ‘ರೈಲು ಬಿಡ್ತಾನೆ’ ಅಂತೀವಿ. ಅಂಥ ಅಪ್ಪನೊಬ್ಬನ ಕಥೆ ‘ಬಿಗ್ ಫಿಶ್’. ಡೇನಿಯಲ್ ವಾಲೇಸ್ 1998ರಲ್ಲಿ ಬರೆದ ಕಾದಂಬರಿಯನ್ನು ಟಿಮ್ ಬರ್ಟನ್ 2003ರಲ್ಲಿ ಸಿನಿಮಾ ಮಾಡಿದರು. ಕಥೆ ನಡೆಯುವುದು ಅಮೆರಿಕದ ಅಲಬಾಮಾದಲ್ಲಿ.

ಎಡ್ವರ್ಡ್ ಬ್ಲೂಮ್ ಊರೂರು ಸುತ್ತಿ ಸಾಮಾನು ಮಾರುವವನು. ಅವನ ಕಥೆಗಳಲ್ಲಿ ದೈತ್ಯ ಬರುತ್ತಾನೆ, ಗಾಜುಗಣ್ಣಿನ ಮಾಟಗಾತಿ ಬರುತ್ತಾಳೆ, ರಾತ್ರಿ ತೋಳವಾಗುವ ಸರ್ಕಸ್ ಮಾಲೀಕ ಬರುತ್ತಾನೆ. ಮಗ ವಿಲ್ ಹುಟ್ಟಿದ ದಿನ, ಯಾರಿಗೂ ಸಿಗದ ದೊಡ್ಡ ಮೀನನ್ನು ಮದುವೆ ಉಂಗುರ ಕಟ್ಟಿ ಹಿಡಿದೆ ಅನ್ನುತ್ತಾನೆ. ಮಗನ ಮದುವೆಯಲ್ಲೂ ಅದನ್ನೇ ಹೇಳುತ್ತಾನೆ. ಮಗನಿಗೆ ರೇಗಿತು. ಮೂರು ವರ್ಷ ಅಪ್ಪ–ಮಗನ ನಡುವೆ ಮಾತಿಲ್ಲ. ಅಪ್ಪನ ಕಾಯಿಲೆ ಕೈಮೀರಿದಾಗ ಮಗ ಬಸುರಿ ಹೆಂಡತಿಯ ಜೊತೆ ಪ್ಯಾರಿಸ್ಸಿನಿಂದ ಬರುತ್ತಾನೆ.

ವಿಲ್ ಪತ್ರಕರ್ತ. ನನ್ನನ್ನು ಹಿಡಿದು ಕೂರಿಸಿದ್ದು ಅದೇ. ಏನು, ಎಲ್ಲಿ, ಯಾವಾಗ ಅಂತ ಕೇಳುವುದು ನಮ್ಮ ಕಸುಬು. ಆದರೆ ಮನೆಯಲ್ಲಿ ಅಪ್ಪನನ್ನು ಹಾಗೆ ಕೇಳೋದು ಹೇಗೆ?

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದಾಗ, ಘಾಟಿಯಲ್ಲಿ ಆನೆಗೆ ಬೈದದ್ದು, ಅದು ಸೊಂಡಿಲೆತ್ತಿ ಸಲಾಂ ಹೊಡೆದು ದಾರಿ ಬಿಟ್ಟದ್ದು ಹೇಳೋರು. ಜ್ವರದಲ್ಲಿ ಕ್ಯಾಬಿನ್ನಿನಲ್ಲೇ ಮಲಗಿದ್ದು, ಬಾಡಿಗೆ ದುಡ್ಡು ಸಿಗದೆ ಬರಿಗೈಲಿ ಬಂದದ್ದು ಆ ಕಥೆಗಳಲ್ಲಿ ಇರಲೇ ಇಲ್ಲ. ಅದೆಲ್ಲ ನನಗೆ ಗೊತ್ತಾದದ್ದು ಅವ್ವನಿಂದ. ಆನೆಯನ್ನು ಮುಂದೆ ನಿಲ್ಲಿಸಿ ಅಪ್ಪ ತಮ್ಮ ಕಷ್ಟವನ್ನು ಹಿಂದೆ ಬಚ್ಚಿಟ್ಟಿದ್ದರು.

ಸಿನಿಮಾದಲ್ಲೂ ಹಾಗೇ. ಮನೆಯ ಹಳೇ ಡಾಕ್ಟರು ವಿಲ್‌ಗೆ ನಿಜ ಹೇಳುತ್ತಾರೆ: ನೀನು ಹುಟ್ಟಿದ ದಿನ ನಿಮ್ಮಪ್ಪ ವ್ಯಾಪಾರಕ್ಕೆ ಬೇರೆ ಊರಿಗೆ ಹೋಗಿದ್ದ, ಅಷ್ಟೇ. ಹೆರಿಗೆ ಹೊತ್ತಿಗೆ ಜೊತೆಗಿರಲಾಗದ ಗಂಡಸು ಕಟ್ಟಿಕೊಂಡ ಕಥೆ ಆ ಮೀನು. ಹಾಗಂತ ಎಲ್ಲವೂ ಸುಳ್ಳಲ್ಲ. ಹಳೇ ಕಾಗದಗಳ ನಡುವೆ, ಅಪ್ಪ ಯುದ್ಧದಲ್ಲಿ ಕಾಣೆಯಾದ ಅಂತ ಬಂದಿದ್ದ ತಂತಿಯೂ ಸಿಗುತ್ತದೆ.

ಕೊನೆಗೆ ಆಸ್ಪತ್ರೆ ಹಾಸಿಗೆಯಿಂದ ಅಪ್ಪ ಕೇಳುತ್ತಾನೆ: ನಾನು ಹೇಗೆ ಸಾಯುತ್ತೇನೆ ಹೇಳು. ಪತ್ರಕರ್ತ ಮಗ ಮೊದಲ ಸಲ ಕಥೆ ಕಟ್ಟುತ್ತಾನೆ. ಅಪ್ಪನನ್ನು ಎತ್ತಿಕೊಂಡು ಹೊಳೆಗೆ ಹೋಗಿ ನೀರಿಗೆ ಬಿಡುತ್ತಾನೆ, ಅಪ್ಪ ದೊಡ್ಡ ಮೀನಾಗಿ ಈಜಿ ಹೋಗುತ್ತಾನೆ. ಮಣ್ಣಿಗೆ ಬಂದವರಲ್ಲಿ ಆ ಕಥೆಗಳ ಜನರೇ ಇದ್ದಾರೆ! ದೈತ್ಯ ಅಷ್ಟು ಎತ್ತರ ಇಲ್ಲ, ಆದರೂ ಎತ್ತರದವನೇ.

ಸುದ್ದಿಗೆ ಸುಳ್ಳು ಬೆರೆಸಬಾರದು, ಅದರಲ್ಲಿ ರಾಜಿ ಇಲ್ಲ. ಮಗ ನಿಜ ಕೇಳಿದ್ದೂ ತಪ್ಪಲ್ಲ. ಅಪ್ಪ ಯಾರು ಅಂತ ತಿಳಿಯುವ ಹಕ್ಕು ಮಕ್ಕಳಿಗಿದೆ. ಆದರೆ ಕಥೆಯನ್ನು ಅರ್ಧಕ್ಕೆ ತಡೆದರೆ ಹೇಳುವವನು ಬಾಯಿ ಮುಚ್ಚುತ್ತಾನೆ, ಅದರ ಹಿಂದಿನ ನಿಜವೂ ಅವನ ಜೊತೆಗೇ ಹೋಗುತ್ತದೆ.

ನಿಮ್ಮ ಮನೆಯಲ್ಲೂ ರೈಲು ಬಿಡುವ ಅಪ್ಪನೋ ಅಜ್ಜನೋ ಇದ್ದರೆ, ಪೂರ್ತಿ ಹೇಳಲಿಕ್ಕೆ ಬಿಡಿ. ಮುಗಿದ ಮೇಲೆ ಮೆಲ್ಲಗೆ ಕೇಳಿ: ‘ಆವಾಗ ನಿಮಗೆ ಹೆದರಿಕೆ ಆಗಲಿಲ್ವಾ?’