ಗೋಜೋ ದ್ವೀಪಕ್ಕೊಂದು ದಿನ ಮೀಸಲಿಡಿ

ಯುರೋಪಿನಲ್ಲಿರುವ ಮಗನೋ ಮಗಳೋ "ಅಮ್ಮಾ, ರಜೆಯಲ್ಲಿ ಮಾಲ್ಟಾ ನೋಡಿಬರೋಣ" ಎಂದರೆ ಬೇಡ ಅನ್ನಬೇಡಿ. ಮೆಡಿಟರೇನಿಯನ್ ಸಮುದ್ರದಲ್ಲಿ, ಸಿಸಿಲಿಗೆ ದಕ್ಷಿಣದಲ್ಲಿರುವ ಪುಟ್ಟ ದೇಶ ಅದು. ರಾಜಧಾನಿ ವಲೆಟ್ಟಾವನ್ನು ಹೇಗೂ ತೋರಿಸುತ್ತಾರೆ. ನೀವು ಮಾತ್ರ ಪಕ್ಕದ ಗೋಜೋ ದ್ವೀಪಕ್ಕೆ ಒಂದು ದಿನ ಕೇಳಿ ಪಡೆಯಿರಿ. ಹಡಗಿನಲ್ಲಿ ಅರ್ಧ ಗಂಟೆಯೂ ಹಿಡಿಯದು.

ಮೊದಲು ನೋಡಬೇಕಾದ್ದು ಜಗಾಂತಿಯಾ ಗುಡಿಗಳನ್ನು. 5,000 ವರ್ಷಕ್ಕೂ ಹಳೆಯವು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿರಿಯವು! ಆ ಭಾರೀ ಬಂಡೆಗಳನ್ನು ಹೊತ್ತು ಗುಡಿ ಕಟ್ಟಿದವಳು ಒಬ್ಬ ರಾಕ್ಷಸಿಯಂತೆ, ಅದೂ ಹೆಗಲಿಗೆ ಕೂಸನ್ನು ಕಟ್ಟಿಕೊಂಡು! ಅವಳ ಊಟ ಬರೀ ಕಾಳು, ಜೇನುತುಪ್ಪ. ಕಂಕುಳಲ್ಲಿ ಮಗು ಇಟ್ಟುಕೊಂಡೇ ರೊಟ್ಟಿ ಬಡಿದವರಿಗೆ ಈ ಕಥೆ ಪೂರ್ತಿ ಸುಳ್ಳು ಅನ್ನಿಸಲಾರದು.

ಹಳೆಯ ಚಿತ್ರಗಳಲ್ಲಿ ಕಾಣುವ 'ಅಜೂರ್ ವಿಂಡೋ' ಎಂಬ ಕಲ್ಲಿನ ಕಮಾನನ್ನು ಹುಡುಕಬೇಡಿ. 2017ರ ಮಾರ್ಚ್ 8ರಂದು ಬಿರುಗಾಳಿಯಲ್ಲಿ ಅದು ಕುಸಿದು ಸಮುದ್ರ ಸೇರಿತು. ಆ ಹೊತ್ತನ್ನು ಷ್ವೆಯ್ನಿಯ ಉಪ್ಪಿನ ಮಡಿಗಳಿಗೆ ಕೊಡಿ. ದಡದ ಬಂಡೆಯಲ್ಲೇ ಕೊರೆದ ಚೌಕಗಳವು. ನೀರು ಬಿಸಿಲಿಗೆ ಆರಿದ ಮೇಲೆ ಉಪ್ಪನ್ನು ಗುಡಿಸಿ ರಾಶಿ ಹಾಕುತ್ತಾರೆ. ಒಂದು ಪೊಟ್ಟಣ ಮನೆಗೆ ತನ್ನಿ.

ಹಸಿವಾದರೆ ಬಟಾಣಿ ತುಂಬಿದ ಬಿಸಿ 'ಪಸ್ತೀತ್ಸಿ' ಇದೆ, ನಮ್ಮ ಪಫ್ಸಿನ ಹಾಗೆ. ಹಿಟ್ಟಿಗೆ ಹಂದಿಕೊಬ್ಬು ಹಾಕುವುದೂ ಉಂಟು. ಸಸ್ಯಾಹಾರಿಗಳು ಕೇಳಿಯೇ ಕೊಳ್ಳಿ.