ಹಿಂದಿರುಗಲಾಗದ ಹಂತ: ಹಳೆಯ ಕಂಪ್ಯೂಟರಿನ ಬಯಾಸ್ ನವೀಕರಣವನ್ನು ಪ್ರಾತ್ಯಕ್ಷಿಕೆಯಾಗಿ ನಡೆಸಿದ ಅನುಭವ

ಪ್ರಾತ್ಯಕ್ಷಿಕೆ ಪದ್ಧತಿಯನ್ನು ಬೋಧಿಸುವಾಗ ನಾವೆಲ್ಲ ಒಂದು ಮಾತು ಹೇಳುತ್ತೇವೆ: ಪ್ರಯೋಗ ಸರಿಯಾಗಿ ಬರದಿದ್ದರೆ ಗಾಬರಿಯಾಗದೆ ಇನ್ನೊಮ್ಮೆ ಮಾಡಿ ತೋರಿಸಿ. ಲಿಟ್ಮಸ್ ಕಾಗದ ಬಣ್ಣ ಬದಲಿಸದಿದ್ದರೆ ಇನ್ನೊಂದು ಕಾಗದ ಇದ್ದೇ ಇರುತ್ತದೆ. ಈ ಅನುಕೂಲವಿಲ್ಲದ ಪ್ರಾತ್ಯಕ್ಷಿಕೆಯೊಂದನ್ನು ಕಳೆದ ಸೆಮಿಸ್ಟರಿನ ಐಸಿಟಿ ಪ್ರಾಯೋಗಿಕ ಅವಧಿಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳೊಂದಿಗೆ ನಡೆಸಿದೆ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳ ಬಯಾಸ್ ನವೀಕರಣ ಅದರ ವಿಷಯ.

ನಮ್ಮ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಡೆಸ್ಕ್‌ಟಾಪ್‌ಗಳು 9. ಎಲ್ಲವೂ ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ, 2011ರ ಸುಮಾರಿನ ಮದರ್‌ಬೋರ್ಡ್‌ಗಳು. ಪಾಠಕ್ಕೆ ಬೇಕಾದ ವಿಡಿಯೊ ಹಾಕಿದರೆ ತಡವರಿಸುತ್ತವೆ. ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮಲ್ಲಿ ಕೆಲಸಕ್ಕೆ ಬಾರದ ಯಂತ್ರಗಳಿಂದ ತೆಗೆದ ಮೂರನೇ ತಲೆಮಾರಿನ 4 ಕೋರ್ ಐ5 ಪ್ರೊಸೆಸರ್‌ಗಳನ್ನು ಕಾಲೇಜಿಗೆ ಕೊಟ್ಟರು. ನಮ್ಮ ಬೋರ್ಡಿನ ಎಲ್‌ಜಿಎ 1155 ಸಾಕೆಟ್ಟಿಗೆ ಅವು ಸರಿಯಾಗಿ ಕೂರುತ್ತವೆ. ಆದರೆ ಕೂತ ಮಾತ್ರಕ್ಕೆ ನಡೆಯುವುದಿಲ್ಲ. ಆ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಅದಕ್ಕೂ ಮೊದಲು ಬರೆದ ಬಯಾಸ್‌ಗೆ ಅವುಗಳ ಗುರುತು ಇರುವುದಿಲ್ಲ. ಬೋರ್ಡಿನ ತಯಾರಕರು ಆಮೇಲೆ ಕೊಟ್ಟ ಹೊಸ ಬಯಾಸನ್ನು, ಹಳೆಯ ಪ್ರೊಸೆಸರ್ ಜಾಗದಲ್ಲಿ ಇರುವಾಗಲೇ ಹಾಕಿಕೊಳ್ಳಬೇಕು. ಹೊಸದನ್ನು ಮೊದಲು ಕೂರಿಸಿಬಿಟ್ಟರೆ ಯಂತ್ರ ತೆರೆದುಕೊಳ್ಳುವುದೇ ಇಲ್ಲ. ನವೀಕರಣಕ್ಕೂ ದಾರಿ ಇರುವುದಿಲ್ಲ. ಪೂರ್ವಜ್ಞಾನದ ಮೇಲೆ ಹೊಸ ಪಾಠ ಕಟ್ಟಬೇಕು ಎಂದು ದಿನವೂ ಬರೆಯುವ ಪ್ರಶಿಕ್ಷಣಾರ್ಥಿಗಳಿಗೆ ಈ ಕ್ರಮವನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಪೀಠಿಕೆಯಲ್ಲಿ ಬಯಾಸ್ ಎಂದರೇನು ಎಂಬುದಕ್ಕೆ ಒಂದು ಹೋಲಿಕೆ ಕೊಡಿ ಎಂದು ಕೇಳಿದೆ. ಒಬ್ಬರು ಶಾಲೆಯ ಜವಾನನ ಹೋಲಿಕೆ ಕೊಟ್ಟರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುತ್ತಾನೆ, ಕೋಣೆಗಳನ್ನು ನೋಡುತ್ತಾನೆ, ಆಮೇಲೆ ಮುಖ್ಯೋಪಾಧ್ಯಾಯರಿಗೆ ಶಾಲೆಯನ್ನು ಒಪ್ಪಿಸುತ್ತಾನೆ. ಬಯಾಸ್ ಮಾಡುವುದೂ ಹೆಚ್ಚುಕಡಿಮೆ ಅದೇ: ವಿದ್ಯುತ್ ಬಂದ ಕೂಡಲೇ ಮೆಮೊರಿ, ಕೀಲಿಮಣೆ, ಡಿಸ್ಕ್‌ಗಳನ್ನು ತಪಾಸಣೆ ಮಾಡಿ, ವಿಂಡೋಸ್ ಅಥವಾ ಉಬುಂಟುವಿಗೆ ಯಂತ್ರವನ್ನು ಒಪ್ಪಿಸುತ್ತದೆ. ಒಳ್ಳೆಯ ಹೋಲಿಕೆ. "ಇದು ಎಲ್ಲಿ ಸೋಲುತ್ತದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಜವಾನ ರಜೆ ಹಾಕಿದ್ರೆ ಬೇರೆ ಯಾರಾದ್ರೂ ಬೀಗ ತೆಗೀತಾರೆ ಸರ್. ಬಯಾಸ್ ಇಲ್ದಿದ್ರೆ ತೆಗೆಯೋರೇ ಇಲ್ಲ." ನಮ್ಮ ವಿಷಯದ ಅಪಾಯ ಇರುವುದು ಹೋಲಿಕೆ ಸೋತ ಆ ಜಾಗದಲ್ಲೇ. ಹೋಲಿಕೆ ಕೊಟ್ಟ ಮೇಲೆ ಅದರ ಮಿತಿಯನ್ನೂ ಮಕ್ಕಳಿಂದಲೇ ಹೊರಡಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಿದೆ. 1981ರ ಐಬಿಎಂ ಪಿಸಿಯಲ್ಲಿ ಬಯಾಸ್ ಇದ್ದದ್ದು ಓದಲು ಮಾತ್ರ ಬರುವ ರಾಮ್ ಚಿಪ್ಪುಗಳಲ್ಲಿ, ಅಂದರೆ ಆರ್‌ಒಎಂನಲ್ಲಿ. ಬದಲಿಸಬೇಕಾದರೆ ಚಿಪ್ಪನ್ನೇ ಬದಲಿಸಬೇಕಿತ್ತು. ಮುಂದೆ ಫ್ಲ್ಯಾಶ್ ಚಿಪ್ ಬಂದಾಗ ಕುಳಿತಲ್ಲೇ ಹೊಸದನ್ನು ಬರೆಯುವ ಅನುಕೂಲ ಬಂತು; ಜೊತೆಗೆ ಕುಳಿತಲ್ಲೇ ಕೆಡಿಸುವ ಸಾಧ್ಯತೆಯೂ ಬಂತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಡಿಸ್ಕಿನ ಮಾಹಿತಿಯನ್ನು ಅಳಿಸಿದ್ದಲ್ಲದೆ, ಸಾಧ್ಯವಾದ ಯಂತ್ರಗಳಲ್ಲಿ ಬಯಾಸ್ ಚಿಪ್ಪಿನ ಮೇಲೂ ಕಸ ಬರೆಯಿತು. ಅಂಥ ಯಂತ್ರಗಳು ಗುಂಡಿ ಒತ್ತಿದರೂ ಎಚ್ಚರಗೊಳ್ಳಲಿಲ್ಲ. ಬರೆಯುವ ನಡುವೆ ವಿದ್ಯುತ್ ಹೋದರೆ ನಮ್ಮ ಯಂತ್ರಕ್ಕೂ ಅದೇ ಗತಿ.

ಇಷ್ಟಾದರೂ ಪ್ರಶಿಕ್ಷಣಾರ್ಥಿಗಳ ಉತ್ಸಾಹ ಇಳಿಯಲಿಲ್ಲ. ಒಂಬತ್ತಕ್ಕೆ ಒಂಬತ್ತನ್ನೂ ನವೀಕರಿಸಿಬಿಡೋಣ ಎಂದರು. ಆಗ ಒಬ್ಬ ವಿದ್ಯಾರ್ಥಿನಿ, "ಮಾಡ್ದೇ ಬಿಟ್ರೆ ಏನು ನಷ್ಟ ಸರ್?" ಎಂದು ಕೇಳಿದರು. ಕೆಲವರು ನಕ್ಕರು. ನಾನು ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂಬತ್ತೂ ಯಂತ್ರಗಳ ದೂರುಗಳ ಪಟ್ಟಿ ಮಾಡಿಸಿದೆ. ಮೂರು ಯಂತ್ರಗಳಲ್ಲಿ ದಿನಾಂಕ ಪ್ರತಿದಿನ ಹಿಂದಕ್ಕೆ ಹೋಗುತ್ತಿತ್ತು, ಅದರಿಂದ ಜಾಲತಾಣಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿತ್ತು. ಅದಕ್ಕೆ ಬೇಕಾದದ್ದು ನಾಣ್ಯದಾಕಾರದ 3 ವೋಲ್ಟಿನ ಸಿಆರ್2032 ಬ್ಯಾಟರಿ. ಒಂದರಲ್ಲಿ ಬೀಪ್ ಸದ್ದು; ಮೆಮೊರಿ ಪಟ್ಟಿಯನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿದಾಗ ನಿಂತಿತು. ಒಂದರಲ್ಲಿ ಹಾರ್ಡ್‌ಡಿಸ್ಕ್ ಸವೆದಿತ್ತು. ಇವಕ್ಕೆ ಬಯಾಸ್ ನವೀಕರಣ ಔಷಧಿಯೇ ಅಲ್ಲ. ಪ್ರೊಸೆಸರ್ ಬದಲಿಸಲು ಆರಿಸಿಕೊಂಡ ಉಳಿದ 4 ಯಂತ್ರಗಳಿಗೆ ಮಾತ್ರ ಅದು ಬೇಕಿತ್ತು. ನೆಟ್ಟಗಿರುವ ಯಂತ್ರಕ್ಕೆ ಹೊಸ ಆವೃತ್ತಿ ಬಂದಿದೆ ಎಂಬ ಒಂದೇ ಕಾರಣಕ್ಕೆ ಕೈ ಹಾಕುವುದು ಬೇಡ ಎಂದು ತರಗತಿಯೇ ತೀರ್ಮಾನಿಸಿತು.

ಸಿದ್ಧತೆಗೆ ಎರಡು ಅವಧಿ ಬೇಕಾಯಿತು. ಮೊದಲು ಬೋರ್ಡಿನ ಗುರುತು. ವಿಂಡೋಸ್‌ನಲ್ಲಿ ಎಂಎಸ್‌ಇನ್‌ಫೋ32 ಎಂದು ಟೈಪ್ ಮಾಡಿದರೆ ಈಗಿರುವ ಬಯಾಸ್ ಆವೃತ್ತಿ ಕಾಣುತ್ತದೆ. ಬೋರ್ಡಿನ ಹೆಸರು ಇರಬೇಕಾದ ಕಡೆ ಕೆಲವೊಮ್ಮೆ 'ಟು ಬಿ ಫಿಲ್ಡ್ ಬೈ ಓಇಎಂ' ಎಂಬ ಖಾಲಿ ಮಾತು ಮಾತ್ರ ಇರುತ್ತದೆ. ಆದ್ದರಿಂದ ವಿದ್ಯುತ್ ತಂತಿ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆಯನ್ನೂ ರಿವಿಷನ್ ಸಂಖ್ಯೆಯನ್ನೂ ಕಣ್ಣಾರೆ ಓದಿ ಬರೆದುಕೊಂಡೆವು. ಮಾದರಿ ಒಂದೇ ಆದರೂ ರಿವಿಷನ್ ಬೇರೆಯಾದರೆ ಬಯಾಸ್ ಕಡತ ಬೇರೆ ಇರಬಹುದು. ಕಡತವನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಂಡು, ಜೊತೆಗಿದ್ದ ಟಿಪ್ಪಣಿಯನ್ನು ಪೂರ್ತಿ ಓದಿದೆವು. ಕೆಲವು ಬೋರ್ಡುಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ಹಾಕಿದ ಮೇಲೆಯೇ ಕೊನೆಯದನ್ನು ಹಾಕಬೇಕಾಗುತ್ತದೆ. ಆ ಮಾತು ಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ.

ಆಮೇಲೆ ಮಕ್ಕಳ ಪಾಠಯೋಜನೆಗಳು, ಅಂಕಪಟ್ಟಿಗಳು ಇದ್ದ ಕಡತಗಳ ಪ್ರತಿ ಮಾಡಿಕೊಂಡೆವು. ಬಯಾಸ್ ಸೆಟಪ್ಪಿನ ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದೆವು. ಪೆನ್‌ಡ್ರೈವನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿ ಕಡತ ಹಾಕಿದೆವು. ವಿಂಡೋಸ್ ಒಳಗಿನಿಂದ ನವೀಕರಿಸುವ ತಂತ್ರಾಂಶವೂ ಇರುತ್ತದೆ. ಆದರೆ ಅಲ್ಲಿ ಇನ್ನೊಂದು ಕಾರ್ಯಕ್ರಮ ಅಡ್ಡ ಬರಬಹುದು. ಹಾಗಾಗಿ ಬಯಾಸ್ ಸೆಟಪ್ಪಿನಲ್ಲೇ ಇರುವ ನವೀಕರಣ ಸೌಲಭ್ಯವನ್ನು ಆರಿಸಿಕೊಂಡು, ಹಳೆಯ ಬಯಾಸಿನ ಒಂದು ಪ್ರತಿಯನ್ನು ಮೊದಲು ಅದೇ ಪೆನ್‌ಡ್ರೈವಿಗೆ ಉಳಿಸಿದೆವು.

ಕೊನೆಗೆ ವಿದ್ಯುತ್ತು. ಯುಪಿಎಸ್ ಇದೆ ಎಂದು ಎಲ್ಲರೂ ನಿಶ್ಚಿಂತೆಯಿಂದ ಇದ್ದರು. ಇದೆಯೋ ಇಲ್ಲವೋ ನೋಡೋಣ ಎಂದು, ಕಂಪ್ಯೂಟರನ್ನು ಸುಮ್ಮನೆ ಸೆಟಪ್ ಪುಟದಲ್ಲಿ ನಿಲ್ಲಿಸಿ ಗೋಡೆಯ ಸ್ವಿಚ್ ಆರಿಸಿದೆವು. ಮೊದಲ ಯುಪಿಎಸ್ ಎರಡು ಸಲ ಕೂಗಿ ಸತ್ತೇ ಹೋಯಿತು. ಮೂರನೆಯದು 12 ನಿಮಿಷ ನಿಂತಿತು. ಅದನ್ನೇ ಬಳಸಿದೆವು. ಜೊತೆಗೆ ವಿದ್ಯುತ್ ಕಚೇರಿಗೆ ಫೋನ್ ಮಾಡಿ, ಅಂದು ನಮ್ಮ ಕಡೆ ಲೈನ್ ಕೆಲಸ ಇಲ್ಲವೆಂದು ಖಚಿತಪಡಿಸಿಕೊಂಡೆವು.

ನವೀಕರಣದ ದಿನ ಒಬ್ಬರು ಹಂತಗಳನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮಾಡಬೇಕು, ಮೂರನೆಯವರು ಬರೆದುಕೊಳ್ಳಬೇಕು ಎಂದು ಗೊತ್ತುಮಾಡಿದೆ. ಓದುವವರು ಕೀಲಿಮಣೆ ಮುಟ್ಟುವಂತಿಲ್ಲ. ಮಾಡುವವರು ಓದದೇ ಇರುವ ಹಂತವನ್ನು ಮಾಡುವಂತಿಲ್ಲ. ಬರೆಯುವ ಕೆಲಸ ಕೆಲವೇ ನಿಮಿಷಗಳದ್ದು. ಪ್ರಗತಿಯ ಪಟ್ಟಿ ನಡುವೆ ಒಂದು ಕಡೆ ನಿಂತಂತೆ ಕಂಡಿತು. ರೀಸೆಟ್ ಗುಂಡಿಯ ಕಡೆ ಯಾರ ಕೈಯೂ ಹೋಗಬಾರದಾದ ಹೊತ್ತು ಅದು. ಕೈಕಟ್ಟಿ ನಿಲ್ಲುವುದೂ ಒಂದು ಕೌಶಲ ಎಂದು ವೀಕ್ಷಣಾ ಪಟ್ಟಿಯಲ್ಲಿ ಮೊದಲೇ ಸೇರಿಸಿದ್ದೆ. ಪಟ್ಟಿ ಮುಂದೆ ಸರಿಯಿತು, ಯಂತ್ರ ತಾನೇ ಮರುಪ್ರಾರಂಭವಾಯಿತು. ಮೂಲ ಸೆಟ್ಟಿಂಗುಗಳನ್ನು ಲೋಡ್ ಮಾಡಿ, ದಿನಾಂಕ ಸರಿಪಡಿಸಿ, ಫೋಟೊ ನೋಡಿಕೊಂಡು ಸಾಟಾ ಮೋಡ್ ಮೊದಲು ಹೇಗಿತ್ತೋ ಹಾಗೇ ಇಟ್ಟೆವು. ಐಡಿಇ ಇದ್ದದ್ದು ಎಎಚ್‌ಸಿಐ ಆಗಿಬಿಟ್ಟರೆ ವಿಂಡೋಸ್ ತೆರೆಯದೇ ಇರಬಹುದು; ನವೀಕರಣವೇ ಕೆಟ್ಟಿತೆಂದು ಭಾವಿಸುವಂತಾಗುತ್ತದೆ. ಹೊಸ ಆವೃತ್ತಿ ಸಂಖ್ಯೆ ಕಂಡ ಮೇಲೆಯೇ ವಿದ್ಯುತ್ ಕಿತ್ತು ಪ್ರೊಸೆಸರ್ ಬದಲಿಸಿದೆವು.

ಹೀಗೆ ಮೂರು ಯಂತ್ರಗಳಾದವು. ನಾಲ್ಕನೆಯದರಲ್ಲಿ ರಿವಿಷನ್ ಸಂಖ್ಯೆಯ ಅಚ್ಚು ಅಳಿಸಿತ್ತು. ಆ ಮಾದರಿಗೆ ಎರಡು ರಿವಿಷನ್‌ಗಳು, ಎರಡು ಬೇರೆ ಕಡತಗಳು. ಬೋರ್ಡಿನಲ್ಲಿ ಎರಡನೇ ಬಯಾಸ್ ಚಿಪ್ ಇಲ್ಲ; ಕೆಟ್ಟರೆ ಚಿಪ್ಪನ್ನು ಹೊರಗಿನಿಂದ ಬರೆಯುವ ಪ್ರೋಗ್ರಾಮರ್ ಸಾಧನ ಇರುವ ದುರಸ್ತಿಗಾರರನ್ನು ಹುಡುಕಬೇಕು. ಹಿಂದಿನ ಮೂರೂ ಸರಿಹೋದ ಹುರುಪಿನಲ್ಲಿ ಹಲವರು "ಇದೂ ಆಗುತ್ತೆ ಸರ್" ಎಂದರು. ಅದೇ ವಿದ್ಯಾರ್ಥಿನಿ ಎದ್ದು, "ಯಾವ ಕಡತ ಅಂತ ಗೊತ್ತಿಲ್ದೆ ಹಾಕೋದು ಊಹೆ. ಈ ಯಂತ್ರ ಇವತ್ತು ನಡೀತಿದೆ. ಮುಂದಿನ ವಾರ ಎಂಟು ಜನ ಇದರಲ್ಲೇ ಪಾಠೋಪಕರಣ ಮಾಡ್ಬೇಕು" ಎಂದರು. ನಾಲ್ಕನೇ ಪ್ರೊಸೆಸರ್ ಇನ್ನೂ ಬೀರುವಿನಲ್ಲೇ ಇದೆ. ಆ ಯಂತ್ರ ನಿಧಾನವಾಗಿಯೇ ಆದರೂ ನಡೆಯುತ್ತಿದೆ.

ಈ ಚಟುವಟಿಕೆಗೆ ಕೊಟ್ಟ 20 ಅಂಕಗಳಲ್ಲಿ ಬೇಕೇ ಬೇಡವೇ ಎಂಬ ನಿರ್ಧಾರಕ್ಕೆ 8, ಸಿದ್ಧತೆಗೆ 8, ಮಾಡುವಿಕೆಗೆ 2, ನಂತರದ ಪರಿಶೀಲನೆಗೆ 2 ಎಂದು ಹಂಚಿದ್ದೆ. ಮಾಡಿದವರಿಗೇ ಕಡಿಮೆ ಅಂಕವೇ ಎಂಬ ಆಕ್ಷೇಪ ಬಂತು. ಗುಂಡಿ ಒತ್ತುವುದು ಯಾರಿಗೂ ಬರುತ್ತದೆ. ನಾಳೆ ನೀವು ಹೋಗುವ ಶಾಲೆಯಲ್ಲಿ ಇರುವುದೇ ಎರಡೋ ಮೂರೋ ಕಂಪ್ಯೂಟರ್ ಆದರೆ, ಅಲ್ಲಿ ನಿಮ್ಮಿಂದ ಬೇಕಾಗುವುದು ಉಳಿದ ಹದಿನೆಂಟು ಅಂಕದ ಕೆಲಸ ಎಂದು ಹೇಳಿದೆ.

ಸಹೋದ್ಯೋಗಿಗಳಿಗೆ ಒಂದು ಸಲಹೆ. ಪ್ರಾತ್ಯಕ್ಷಿಕೆ ಪಾಠದ ಯೋಜನಾ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಅಂಕಣಗಳ ಪಕ್ಕದಲ್ಲಿ 'ಹಿಂದಿರುಗಲಾಗದ ಹಂತ' ಎಂಬ ಇನ್ನೊಂದು ಅಂಕಣ ಸೇರಿಸಿ ನೋಡಿ. ಬಯಾಸ್ ಬರೆಯುವ ಕ್ಷಣ ಅಲ್ಲಿ ಬರುತ್ತದೆ. ಆಮ್ಲವನ್ನು ನೀರಿಗೆ ಸುರಿಯುವ ಕ್ಷಣವೂ, ಹೂವಿನ ಅಂಡಾಶಯವನ್ನು ಬ್ಲೇಡಿನಿಂದ ಸೀಳುವ ಕ್ಷಣವೂ ಬರುತ್ತವೆ. ಆ ಹಂತಕ್ಕೆ ಮೊದಲು ಏನೇನು ಮುಗಿದಿರಬೇಕು ಎಂಬುದನ್ನು ಪ್ರಶಿಕ್ಷಣಾರ್ಥಿ ಅಲ್ಲೇ ಬರೆಯಲಿ. ಈ ವರ್ಷ ನಮ್ಮ ವಿಜ್ಞಾನ ಮತ್ತು ಐಸಿಟಿ ಪಾಠಯೋಜನೆಗಳಲ್ಲಿ ಆ ಅಂಕಣವನ್ನು ಬಳಸುತ್ತಿದ್ದೇವೆ.