ಗಾಜಿನ ತೊಟ್ಟಿಯ ಮೀನುಗಳಿಗೆ ಉಸಿರು

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರಿಂದ ಅಪ್ಪಣೆಯಾದಾಗ, ಹಳೆಯ ವಿದ್ಯಾರ್ಥಿನಿಯರಾದ ನಾವು ಅಕ್ಕತಂಗಿಯರಿಬ್ಬರೂ ಬಹಳ ಹೊತ್ತು ಯೋಚಿಸಿದೆವು. ಪ್ರವಾಸದ ವರ್ಣನೆಯನ್ನು ಬರೆಯೋಣವೆಂದರೆ ನಾವು ದೂರ ಹೋದವರಲ್ಲ. ಹಿತೋಪದೇಶವನ್ನು ಬರೆಯೋಣವೆಂದರೆ ಅದಕ್ಕೆ ತಕ್ಕ ವಯಸ್ಸಾಗಲಿ ಯೋಗ್ಯತೆಯಾಗಲಿ ನಮಗಿಲ್ಲ. ಕಡೆಗೆ, ಶ್ರವಣಬೆಳಗೊಳದ ನಮ್ಮ ಮನೆಯಲ್ಲಿ ಐದು ಮೀನುಗಳ ನಿಮಿತ್ತ ನಾವು ಪಟ್ಟ ಪಾಡನ್ನೂ ಅದರಿಂದ ಕಲಿತ ಸ್ವಲ್ಪ ವಿದ್ಯೆಯನ್ನೂ ತಿಳಿಸುವುದೇ ಸರಿಯೆಂದು ತೋರಿತು.

ತೊಟ್ಟಿಯು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರವುಳ್ಳದ್ದು. ಸುಮಾರು 50 ಲೀಟರ್ ನೀರು ಹಿಡಿಯುವುದು. ಅದರಲ್ಲಿ ನಾಲ್ಕು ಹೊಂಬಣ್ಣದ ಮೀನುಗಳೂ ಒಂದು ಗೌರಾಮಿಯೂ ಇದ್ದವು. ಅಷ್ಟು ನೀರಿಗೆ ಅಷ್ಟು ಮೀನು ಹೆಚ್ಚೆಂಬುದು ಈಗ ನಮಗೆ ಗೊತ್ತು. ಮಾರಿದವನು ಆಗ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗೋಡೆಯ ಕರೆಂಟಿನಿಂದ ನಡೆಯುವ ಚಿಕ್ಕದೊಂದು ಗಾಳಿಯ ಪಂಪು ಹಗಲಿರುಳೂ ಗುಳ್ಳೆಗಳನ್ನೆಬ್ಬಿಸುತ್ತಿತ್ತು.

ನಮ್ಮ ಸೀಮೆ ತೆಂಗಿನ ಸೀಮೆ. ಬೇಸಗೆಯ ಕೊನೆಯಲ್ಲಿ ಭರಣಿ ಮಳೆಯ ಗಾಳಿ ಎದ್ದಿತೆಂದರೆ, ಎಲ್ಲಿಯೋ ಒಂದು ಗರಿ ತಂತಿಯ ಮೇಲೆ ಬಿದ್ದು ಊರೆಲ್ಲ ಕತ್ತಲಾಗುವುದು ಹೊಸತಲ್ಲ. ಅಂಥದೊಂದು ರಾತ್ರಿ ಹತ್ತು ಗಂಟೆಗೆ ದೀಪಗಳು ಆರಿದವು. ಮೀನುಗಳ ವಿಷಯವನ್ನು ಯೋಚಿಸದೆ ನಾವು ಮಲಗಿದೆವು. ನಾಲ್ಕು ಗಂಟೆಯ ಹೊತ್ತಿಗೆ ತಾಯಿಯವರು ನೀರು ಕುಡಿಯಲೆಂದು ಎದ್ದು, ಮೇಣದ ಬತ್ತಿಯ ಬೆಳಕಿನಲ್ಲಿ ತೊಟ್ಟಿಯನ್ನು ಕಂಡು ನಮ್ಮನ್ನು ಕೂಗಿದರು. ಎರಡು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇನ್ನೆರಡು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುತ್ತಿದ್ದವು. ಗೌರಾಮಿಯೊಂದು ಮಾತ್ರ ಏನೂ ನಡೆಯದಂತೆ ಓಡಾಡುತ್ತಿತ್ತು. ಏನು ಮಾಡಬೇಕೆಂದು ತೋರದೆ, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತೆಗೆದು ಮೊಳದ ಎತ್ತರದಿಂದ ಮತ್ತೆ ಅದರೊಳಗೆ ಸುರಿಯತೊಡಗಿದೆವು. ಅಕ್ಕನ ತೋಳು ಸೋತಾಗ ತಂಗಿ, ತಂಗಿಯದು ಸೋತಾಗ ಅಕ್ಕ; ಹೀಗೆ ಬೆಳಗಾಗುವವರೆಗೂ ಸುರಿದೆವು. ಉಳಿದೆರಡು ಬದುಕಿದವು.

ನಾವು ತಿಳಿಯದೆ ಮಾಡಿದ ಆ ಕೆಲಸವೇ ಸರಿಯಾದುದೆಂದು ಪುಸ್ತಕಗಳನ್ನು ನೋಡಿದ ಮೇಲೆ ಗೊತ್ತಾಯಿತು. ಪ್ರಾಣವಾಯುವು ನೀರಿಗೆ ಸೇರುವುದು ಹೆಚ್ಚಾಗಿ ಮೇಲ್ಮೈಯಿಂದ. ಗುಳ್ಳೆಗಳ ಮುಖ್ಯ ಉಪಕಾರವು ಆ ಮೇಲ್ಮೈಯನ್ನು ಕಲಕಿ, ಕೆಳಗಿನ ನೀರನ್ನು ಮೇಲಕ್ಕೆ ತರುವುದು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಾದರೋ ಏಳೂವರೆ ಮಾತ್ರ. ನಮ್ಮೂರಿನಂಥ ಎತ್ತರದ ಸ್ಥಳದಲ್ಲಿ ಅದು ಇನ್ನೂ ಕಡಮೆ. ಎಂದರೆ, ಸೆಕೆಯ ರಾತ್ರಿಯಲ್ಲಿ ಮೀನಿಗೆ ಉಸಿರು ಹೆಚ್ಚು ಬೇಕಾದಾಗಲೇ ನೀರಿನಲ್ಲಿ ಅದು ಕಡಮೆಯಾಗಿರುವುದು. ಗೌರಾಮಿಯ ತಲೆಯಲ್ಲಿ ಹೊರಗಿನ ಗಾಳಿಯನ್ನೇ ಸೇವಿಸಬಲ್ಲ ಒಂದು ಅಂಗವುಂಟಾದುದರಿಂದ ಅದಕ್ಕೆ ತೊಂದರೆಯಾಗಲಿಲ್ಲ.

ತೊಟ್ಟಿಯಲ್ಲಿ ಹಸುರು ಗಿಡಗಳಿದ್ದುವಲ್ಲ, ಅವು ಕಾಪಾಡಬೇಕಾಗಿತ್ತಲ್ಲ, ಎಂದು ನಾವು ವಾದಿಸಿದುದುಂಟು. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು, ನೀರಿನ ಗಿಡಗಳೂ ಮೀನುಗಳೂ ಒಂದೇ ಪಾತ್ರೆಯಲ್ಲಿ ಪರಸ್ಪರ ಪೋಷಕವಾಗಿ ಬಾಳಬಹುದೆಂದು 1850ರಲ್ಲಿ ತೋರಿಸಿಕೊಟ್ಟರು. ಆದರೆ ಗಿಡವು ಪ್ರಾಣವಾಯುವನ್ನು ಕೊಡುವುದು ಬೆಳಕಿನಲ್ಲಿ. ಕತ್ತಲಲ್ಲಿ ಅದೂ ಮೀನಿನ ಪಂಕ್ತಿಯಲ್ಲಿಯೇ ಕುಳಿತು ಉಣ್ಣುವುದು.

ಮರುದಿನ ನೆರೆಮನೆಯ ಅಜ್ಜಿಯವರು ಬಂದರು. ಅವರು ಜೈನರು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕ್ಷುದ್ರಜೀವಿಗಳನ್ನು ಮತ್ತೆ ನೀರಿಗೇ ಬಿಡತಕ್ಕವರು. ಸತ್ತ ಮೀನುಗಳನ್ನು ನೋಡಿ, “ಮಕ್ಕಳಿರಾ, ಇವು ಕೊಳದಲ್ಲಿ ಇದ್ದಿದ್ದರೆ ಗಾಳಿಗೆ ಯಾರ ಅಪ್ಪಣೆ ಬೇಕಾಗುತ್ತಿತ್ತು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು. ಎರಡು ಬೆಟ್ಟಗಳ ನಡುವಣ ಆ ಬಿಳಿಯ ಕೊಳದಿಂದಲೇ ನಮ್ಮೂರಿಗೆ ಬೆಳಗೊಳವೆಂಬ ಹೆಸರು. ಅದರ ಅಗಲವಾದ ನೀರಿನ ಮೇಲೆ ಗಾಳಿಯಾಡುವುದಕ್ಕೆ ಯಾವ ತಂತಿಯೂ ಬೇಕಿಲ್ಲ. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಗುಬ್ಬಿಗಳ ವಿಷಯವಾದ ವೇದಭಾಗವನ್ನು ನಾವು ಎಷ್ಟೋ ಸಲ ಓದಿದ್ದೆವು. ಅದರ ಜ್ಞಾಪಕವೂ ಆ ದಿನ ನಮಗೆ ಹಿತವಾಗಿರಲಿಲ್ಲ. ಉಳಿದ ಮೀನುಗಳನ್ನು ಕೊಳಕ್ಕೆ ಬಿಟ್ಟುಬಿಡೋಣವೆಂದು ಅಕ್ಕನು ಅಂದಳು. ಆದರೆ ಪರದೇಶದ ಮೀನನ್ನು ಊರ ಕೊಳಕ್ಕೆ ಬಿಡುವುದು ಅಲ್ಲಿಯ ಜೀವಿಗಳಿಗೆ ಅಪಾಯ. ತಂದವರು ನಾವು, ಸಾಕಬೇಕಾದವರೂ ನಾವೇ.

ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನದ ಉಪಾಧ್ಯಾಯಿನಿಯವರು ಗಾಜಿನ ಬಟ್ಟಲಲ್ಲಿ ತಾಮ್ರ, ಸತುವುಗಳ ತಗಡುಗಳನ್ನು ನಿಲ್ಲಿಸಿ, ನೀರು ಬೆರೆಸಿದ ಗಂಧಕಾಮ್ಲವನ್ನು ಹೊಯ್ದು, ವೋಲ್ಟಾ ಎಂಬ ಇಟಲಿಯ ಪಂಡಿತರು 1800ರಲ್ಲಿ ಪ್ರಕಟಿಸಿದ ತತ್ತ್ವವನ್ನು ನಮಗೆ ವಿವರಿಸಿದ್ದರು. ಬಳಸಿ ಬರಿದಾದ ಮೇಲೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆಯವರು 1859ರಲ್ಲಿ ನಿರ್ಮಿಸಿದರು. ಅದೇ ಕುಲದ, ಬಾಯಿ ಮುಚ್ಚಿದ, 12 ವೋಲ್ಟ್ 7 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ತರಲು ನಾವು ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದೆವು. ಅಂಗಡಿಯವರು, “ಅಣ್ಣನನ್ನೋ ತಮ್ಮನನ್ನೋ ಕಳುಹಿಸಿ, ಹೇಳಿಕೊಡುತ್ತೇನೆ” ಎಂದರು. ನಮಗೆ ಅಣ್ಣತಮ್ಮಂದಿರಿಲ್ಲವೆಂದು ಹೇಳಿ, ಹಣ ಕೊಟ್ಟು ಬಂದೆವು.

ಲೆಕ್ಕವು ಸುಲಭ. 12ನ್ನು 7ರಿಂದ ಗುಣಿಸಿದರೆ 84 ವಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಸ್ಸು ಕುಂದುವುದಾದುದರಿಂದ ಅರ್ಧವನ್ನು, ಎಂದರೆ 42ನ್ನು, ಮಾತ್ರ ಖರ್ಚಿಗೆ ಹಿಡಿದೆವು. ಹಳೆಯ ಪಂಪು 5 ವಾಟಿನದು. ಆದರೆ ಅದನ್ನು ನಡೆಸಬೇಕಾದರೆ ಬ್ಯಾಟರಿಯ 12 ವೋಲ್ಟನ್ನು 230 ಮಾಡತಕ್ಕ ಇನ್ವರ್ಟರ್ ಬೇಕು. ಅದು ತಾನೇ ಮತ್ತೆ ಅಷ್ಟನ್ನು ನುಂಗಿದರೆ ನಾಲ್ಕು ಗಂಟೆಗೇ ಮುಗಿಯಿತು. ನೇರವಾಗಿ 12 ವೋಲ್ಟಿನಲ್ಲಿಯೇ ನಡೆಯುವ 3 ವಾಟಿನ ಪಂಪಿಗಾದರೆ 14 ಗಂಟೆ ಬರುವುದು. ಇದನ್ನು ಕಾಗದದ ಮೇಲೆ ಕಂಡ ದಿನ ನಮಗಾದ ಸಂತೋಷ ಪರೀಕ್ಷೆಯಲ್ಲಿಯೂ ಆಗಿರಲಿಲ್ಲ.

ಕರೆಂಟು ಹೋದಾಗ ಯಾರೂ ಎದ್ದು ಗುಂಡಿಯನ್ನೊತ್ತಬೇಕಾಗಬಾರದು; ನಾವು ನಿದ್ರೆ ಮಾಡಿದುದರಿಂದಲ್ಲವೆ ಆ ಅನರ್ಥವಾದದ್ದು! ಇದಕ್ಕಾಗಿ ರಿಲೇ ಎಂಬ ಪುಟ್ಟ ಸಾಧನವಿದೆ. ಗೋಡೆಯ ಅಡಾಪ್ಟರಿನಿಂದ ಕರೆಂಟು ಬರುತ್ತಿರುವವರೆಗೆ ಅದರೊಳಗಿನ ಸುರುಳಿಯು ಅಯಸ್ಕಾಂತವಾಗಿ, ಸಣ್ಣದೊಂದು ಕಬ್ಬಿಣದ ನಾಲಗೆಯನ್ನು ಎಳೆದು ಹಿಡಿದಿರುವುದು. ಆಗ ಪಂಪು ಅಡಾಪ್ಟರಿನಿಂದಲೇ ನಡೆಯುವುದು. ಕರೆಂಟು ಹೋದ ಕ್ಷಣವೇ ಹಿಡಿತ ತಪ್ಪಿ, ನಾಲಗೆಯು ತನ್ನ ಸ್ಪ್ರಿಂಗಿನಿಂದ ಹಿಂದಕ್ಕೆ ಬಂದು ಬ್ಯಾಟರಿಯ ದಾರಿಯನ್ನು ಕೂಡಿಸುವುದು. ಬ್ಯಾಟರಿಯನ್ನು ಸುಮಾರು 13.6 ವೋಲ್ಟಿನಲ್ಲಿ ಸದಾ ತುಂಬಿಟ್ಟಿರಲು ಬೇರೆ ಚಾರ್ಜರುಂಟು. ಬ್ಯಾಟರಿಯ ಧನಧ್ರುವದ ಮಗ್ಗುಲಲ್ಲಿಯೇ 2 ಆಂಪಿಯರಿನ ಫ್ಯೂಸನ್ನು ಹಾಕಿದೆವು. ನೀರೂ ತಂತಿಯೂ ಒಂದೇ ಕಡೆ ಇರುವಲ್ಲಿ ಫ್ಯೂಸಿಲ್ಲದೆ ಯಾರೂ ಸಾಹಸಮಾಡಬಾರದೆಂದು ಕಿರಿಯ ಸಹೋದರಿಯರನ್ನು ಬೇಡುತ್ತೇವೆ.

ಮೊದಲ ಪರೀಕ್ಷೆಯಲ್ಲಿ ನಮ್ಮ ಜಂಬ ಮುರಿಯಿತು. ಪಂಪನ್ನು ನೆಲದ ಮೇಲೆ ಇಟ್ಟಿದ್ದೆವು. ಬೆಸುಗೆ ಸರಿಯಾಗಿ ಹಿಡಿಯದೆ ಪಂಪು ನಿಂತಿತು; ನಿಂತೊಡನೆ ತೊಟ್ಟಿಯ ನೀರು ಗಾಳಿಯ ಕೊಳವೆಯಲ್ಲಿಯೇ ಹಿಂದಕ್ಕೆ ಹರಿದು, ಪಂಪನ್ನು ತೋಯಿಸಿ, ಚಾಪೆಯನ್ನು ನೆನೆಸಿ, ತಂದೆಯವರ ಪಾದರಕ್ಷೆಗಳವರೆಗೆ ಹೋಯಿತು. ತಂದೆಯವರು ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನಾಚಿಕೆಯನ್ನುಂಟುಮಾಡಿತು. ಹೊಸ ಪಂಪನ್ನು ತೊಟ್ಟಿಗಿಂತ ಎತ್ತರದ ಗೂಡಿನಲ್ಲಿಟ್ಟು, ಗಾಳಿಯನ್ನು ಒಂದೇ ಕಡೆಗೆ ಬಿಡತಕ್ಕ ಪುಟ್ಟ ಕವಾಟವನ್ನು ಕೊಳವೆಗೆ ಸೇರಿಸಿದೆವು. ಅದರ ಬೆಲೆ ಬಹಳ ಅಲ್ಪ. ಅದಿಲ್ಲದೆ ಆದ ನಷ್ಟ ಅಲ್ಪವಲ್ಲ.

ಆ ಮೇಲೆ ಒಂದು ಭಾನುವಾರ, ಆರಾಧನೆಯಿಂದ ಬಂದು, ಮನೆಯ ಮುಖ್ಯ ಸ್ವಿಚ್ಚನ್ನೇ ಆರಿಸಿ ಕುಳಿತೆವು. ರಾತ್ರಿ ಒಂಬತ್ತಾದರೂ ಗುಳ್ಳೆಗಳು ನಿಲ್ಲಲಿಲ್ಲ. ತಾಯಿಯವರು ದೀಪವಿಲ್ಲದೆ ಅಡಿಗೆಯಾಗದೆಂದು ಸ್ವಿಚ್ಚನ್ನು ಹಾಕಿಬಿಟ್ಟರು.

ಮುಂದಿನ ಬೇಸಗೆಯಲ್ಲಿ ಮತ್ತೆ ಗಾಳಿಯೆದ್ದು ಕರೆಂಟು ಹೋಯಿತು. ಕತ್ತಲಲ್ಲಿ ರಿಲೇ ಟಿಕ್ಕೆಂದಿತು. ಮಲಗಬಹುದಾಗಿತ್ತು; ಆದರೂ ಇಬ್ಬರೂ ಎದ್ದು ಕುಳಿತು ಬಹಳ ಹೊತ್ತು ಗುಳ್ಳೆಗಳ ಸದ್ದನ್ನು ಕೇಳಿದೆವು. ಬೆಳಗ್ಗೆ ಅಜ್ಜಿಯವರು ಬಾಗಿಲಲ್ಲಿ ನಿಂತು, “ಇವೆಯೇನಮ್ಮ?” ಎಂದರು. ಮೂರೂ ಇದ್ದವು. ಅವರು ಒಳಗೆ ಬಂದು ತೊಟ್ಟಿಯ ಮುಂದೆ ಮೊದಲ ಬಾರಿಗೆ ಕುಳಿತರು. ಬ್ಯಾಟರಿಗೆ ಈಗ ಮೂರು ವರ್ಷ ತುಂಬಿದೆ. ಹಿಂದಿನಂತೆ ಹದಿನಾಲ್ಕು ಗಂಟೆ ತಡೆಯುವುದಿಲ್ಲ. ಭರಣಿ ಮಳೆಗೆ ಮುಂಚೆ ಹೊಸದನ್ನು ತರಬೇಕಾಗಿದೆ.